ಹೊಲಕ್ಕೆ ಬಿದ್ದ ಬಿಳಿ ಡಬ್ಬಿ, ಅಜ್ಜನ ಮಳೆ ಪುಸ್ತಕ

ಪ್ರಶ್ನೆ: ನಮ್ಮ ಶೇಂಗಾ ಹೊಲದಲ್ಲಿ ಒಂದು ಬಿಳಿ ಡಬ್ಬಿ ಬಿದ್ದಿತ್ತು. ಅದಕ್ಕೆ ಉದ್ದನೆಯ ದಾರ, ದಾರದ ತುದಿಗೆ ಹರಿದ ರಬ್ಬರು. ಒಳಗೆ ಬ್ಯಾಟರಿ ಇದ್ದ ಹಾಗಿತ್ತು. ಊರಲ್ಲಿ ಬಾಂಬು ಅಂದರು, ಡ್ರೋನ್ ಅಂದರು. ಏನಿದು ಸರ್?
– ಚಳ್ಳಕೆರೆ ಕಡೆಯ ರೈತರೊಬ್ಬರು

ಉತ್ತರ: ಹೆದರಬೇಡಿ. ನೀವು ಹೇಳಿದ ಗುರುತು ನೋಡಿದರೆ ಅದು ಹವಾಮಾನ ಬಲೂನಿನ ಡಬ್ಬಿ. ರೇಡಿಯೊಸಾಂಡ್ ಅಂತಾರೆ. ಮೇಲೆ ಹೋಗಿ, ತನ್ನ ಕೆಲಸ ಮುಗಿಸಿ, ನಿಮ್ಮ ಹೊಲಕ್ಕೆ ಬಿದ್ದಿದೆ ಅಷ್ಟೇ.

ಬಲೂನು ಬಿಡುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಇನ್ನೂ ಕತ್ತಲು. ಷೆಡ್ಡಿನಲ್ಲಿ ಬಲೂನಿಗೆ ಗ್ಯಾಸ್ ತುಂಬುತ್ತಿದ್ದರು, ಆಳುದ್ದಕ್ಕೆ ಉಬ್ಬಿ ಮೆಲ್ಲಗೆ ಓಲಾಡುತ್ತಿತ್ತು. ಒಬ್ಬರು ಅದರ ಕುತ್ತಿಗೆಯನ್ನು ದಾರದಿಂದ ಬಿಗಿದು ಕಟ್ಟಿದರು. ಇನ್ನೊಬ್ಬರು ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು, ಕೋಣೆಯೊಳಗಿನ ಕಂಪ್ಯೂಟರಿಗೆ ಸಿಗ್ನಲ್ ಬರುತ್ತಿದೆಯಾ ಅಂತ ಕೂಗಿ ಕೇಳಿದರು. ಬರ್ತಿದೆ ಅಂತ ಉತ್ತರ ಬಂದ ಮೇಲೆಯೇ ಕೈ ಬಿಟ್ಟದ್ದು. ದಾರ ಸರ್ರನೆ ಬಿಚ್ಚಿಕೊಂಡು ಹೋಯಿತು, ಒಂದೆರಡು ನಿಮಿಷದಲ್ಲಿ ಬಲೂನು ಕಣ್ಣಿಗೇ ಕಾಣಲಿಲ್ಲ. ದಾರ ಅಷ್ಟು ಉದ್ದ ಯಾಕೆ ಅಂದರೆ, ಬಿಸಿಲಿಗೆ ಬಲೂನೇ ಕಾಯುತ್ತದೆ. ಆ ಬಿಸಿ ಕೆಳಗಿನ ಸೆನ್ಸರಿಗೆ ತಾಗಿದರೆ ಲೆಕ್ಕ ಕೆಡುತ್ತದೆ.

ಬಲೂನು ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತದೆ. ದಾರಿಯುದ್ದಕ್ಕೂ ಡಬ್ಬಿ ಉಷ್ಣಾಂಶ, ತೇವಾಂಶ, ಗಾಳಿಯ ಒತ್ತಡವನ್ನು ಕೆಳಕ್ಕೆ ಹೇಳುತ್ತಾ ಹೋಗುತ್ತದೆ. ಗಾಳಿ ಯಾವ ಕಡೆಗೆ, ಎಷ್ಟು ಜೋರಾಗಿ ಬೀಸುತ್ತಿದೆ ಅನ್ನುವುದು, ಬಲೂನು ಎತ್ತೆತ್ತ ತೇಲಿತು ಅಂತ ಜಿಪಿಎಸ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಡೆ 16–17 ಕಿ.ಮೀ. ಮೇಲೆ ಚಳಿ ಮೈನಸ್ 80 ಡಿಗ್ರಿ ಹತ್ತಿರ ಇರುತ್ತದೆ. ಕೆಳಗೆ ನೀವು ಬೆವರು ಒರೆಸಿಕೊಳ್ಳುತ್ತಿರುತ್ತೀರಿ! ಮೇಲೆ ಹೋದಂತೆ ಹೊರಗಿನ ಒತ್ತಡ ಕಮ್ಮಿಯಾಗಿ ಬಲೂನು ಉಬ್ಬುತ್ತಲೇ ಹೋಗಿ, 30 ಕಿ.ಮೀ. ಆಸುಪಾಸಿನಲ್ಲಿ ಒಡೆಯುತ್ತದೆ. ಗಾಳಿ ಎಲ್ಲಿಗೆ ತಂದು ಹಾಕಿದರೆ ಅಲ್ಲಿಗೆ ಡಬ್ಬಿ ಬೀಳುತ್ತದೆ.

ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30, ಸಂಜೆ 5:30ರ ಲೆಕ್ಕಕ್ಕೆ ಸಿಗುವಂತೆ ಸ್ವಲ್ಪ ಮುಂಚೆ ಬಿಡುತ್ತಾರೆ. ಮಂಗಳೂರು, ಗೋವಾ, ಚೆನ್ನೈಯಷ್ಟೇ ಅಲ್ಲ, ಜಗತ್ತಿನ ನೂರಾರು ಕಡೆ ಅದೇ ಹೊತ್ತಿಗೆ ಬಲೂನು ಏರುತ್ತದೆ. ಒಂದೇ ಗಳಿಗೆಯಲ್ಲಿ ಇಡೀ ಭೂಮಿಯ ಗಾಳಿ ಹೇಗಿತ್ತು ಅಂತ ತಿಳಿಯಬೇಕಲ್ಲ, ಅದಕ್ಕೆ.

ಒಂದು ಎಚ್ಚರ ಮಾತ್ರ ಬೇಕು. ಒಡೆಯದೆ ಬಿದ್ದ ಬಲೂನು ಸಿಕ್ಕರೆ ಬೀಡಿ, ಬೆಂಕಿ ಹತ್ತಿರ ಒಯ್ಯಬೇಡಿ. ಒಳಗೆ ಹೈಡ್ರೋಜನ್ ಇರಬಹುದು. ಮತ್ತೆ, ದೊಡ್ಡ ಯಂತ್ರ ಕಟ್ಟಿರುವ ಭಾರೀ ಬಲೂನು ಬಿದ್ದರೆ ಅದು ಬೇರೆ ಜಾತಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದ್ ಬಲೂನು ಕೇಂದ್ರದಿಂದ ಸಂಶೋಧನೆಗೆ ಹಾರಿಸುವಂಥದ್ದು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯಲ್ಲಿ ಒಂದು ಇಳಿದಿತ್ತು. ಅದನ್ನು ಬಿಚ್ಚಲು ಹೋಗದೆ ಪೊಲೀಸರಿಗೆ ತಿಳಿಸಿ. ಅದರೊಳಗಿನ ಉಪಕರಣ ವಿಜ್ಞಾನಿಗಳಿಗೆ ವಾಪಸ್ ಬೇಕು.

ಪ್ರಶ್ನೆ: ಇಷ್ಟೊಂದು ಉಪಗ್ರಹ ಇರುವಾಗ ಈ ಬಲೂನು, ಥರ್ಮಾಮೀಟರು ಎಲ್ಲ ಇನ್ನೂ ಯಾಕೆ ಬೇಕು?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಉಪಗ್ರಹ ಸಾವಿರಾರು ಚದರ ಕಿಲೋಮೀಟರನ್ನು ಒಂದೇ ಸಲ ನೋಡುತ್ತದೆ ನಿಜ. ಆದರೆ ಅದು ಅಳೆಯುವುದು ಬೆಳಕು, ಶಾಖದ ಕಿರಣಗಳನ್ನು. ಅದರಿಂದ ಲೆಕ್ಕ ಹಾಕಿ ಉಷ್ಣಾಂಶ ಇಷ್ಟು ಅಂತ ಹೇಳಬೇಕು. ಆ ಲೆಕ್ಕ ಸರಿಯಾ ಅಂತ ತಾಳೆ ನೋಡಲು ಗಾಳಿಯೊಳಗೇ ಹೋಗಿ ಅಳೆದ ಸಂಖ್ಯೆ ಬೇಕೇ ಬೇಕು. ಹಾಗೆ ಒಳಹೊಕ್ಕು ಅಳೆಯುವ ಕೆಲಸ ನಮ್ಮಲ್ಲೂ ನಡೆದಿದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ವಿಜ್ಞಾನಿಗಳು 2009ರಿಂದ ವಿಮಾನದಲ್ಲಿ ಮೋಡದೊಳಗೇ ನುಗ್ಗಿ ಹನಿಗಳನ್ನು ಅಳೆದರು. ಅದಕ್ಕೂ ಮೊದಲು, 1999ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಬಂಗಾಳ ಕೊಲ್ಲಿಗೆ ಹಡಗು ಒಯ್ದು, ಸಮುದ್ರದ ನಡುವಿನಿಂದಲೇ ಬಲೂನು ಬಿಟ್ಟರು.

ಅನ್ನಾ ಮಣಿ ಅವರ ಬಗ್ಗೆ ಓದಿ ಅಂತ ನಿಮಗೆ ವಿಶೇಷವಾಗಿ ಹೇಳುತ್ತೇನೆ. ಕೇರಳದ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿದವರು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದರು. 1948ರಲ್ಲಿ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವ ಹಾಗೆ ಮಾಡಿದರು. ತಪ್ಪು ಅಳತೆಗಿಂತ ಅಳೆಯದೇ ಇರುವುದೇ ವಾಸಿ ಅನ್ನುವಷ್ಟು ಅವರು ಕಟ್ಟುನಿಟ್ಟು.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದ ಪುಸ್ತಕಗಳಿವೆ, ಎಲ್ಲ ಇಂಚು, ಸೆಂಟ್ಸ್‌ನಲ್ಲಿ. ಈಗ ಪಂಚಾಯಿತಿಯ ಮಳೆಮಾಪಕದ ಲೆಕ್ಕಕ್ಕೆ ನಮ್ಮದು ತಾಳೆಯಾಗುವುದೇ ಇಲ್ಲ. ಪುಸ್ತಕ ಇಟ್ಟುಕೊಂಡು ಪ್ರಯೋಜನ ಇದೆಯಾ?
– ಮೂಡಿಗೆರೆಯಿಂದ ಒಬ್ಬರು

ಉತ್ತರ: ದಯವಿಟ್ಟು ಎಸೆಯಬೇಡಿ! ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಎರಡು ಮೂರು ತಲೆಮಾರು ಅಳೆದ ಲೆಕ್ಕ ಈಗ ಎಷ್ಟು ದುಡ್ಡು ಕೊಟ್ಟರೂ ಹೊಸದಾಗಿ ಸಿಗುವುದಿಲ್ಲ. ಹವಾಗುಣ ಬದಲಾಗಿದೆಯಾ, ಕಾಫಿ ಹೂ ಅರಳಿಸುವ ಹೂವಿನ ಮಳೆ ಹಿಂದೆ ಮುಂದೆ ಆಗಿದೆಯಾ ಅಂತ ಹೇಳಲು ಇಂಥದ್ದೇ ಬೇಕು.

ತಾಳೆಯಾಗದ್ದಕ್ಕೆ ಕಾರಣ ಹಲವು. ಮಲೆನಾಡಿನಲ್ಲಿ ಗುಡ್ಡದ ಈ ಕಡೆ ಸುರಿದ ಮಳೆ ಆ ಕಡೆ ಇರುವುದಿಲ್ಲ, ಇದು ನಿಮಗೇ ಗೊತ್ತು. ಎರಡನೆಯದು ಹೊತ್ತು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮಾರನೆ ದಿನ 8:30ರವರೆಗೆ. ನಿಮ್ಮಲ್ಲಿ 7 ಗಂಟೆಗೇ ಅಳೆದರೆ, ಆಮೇಲೆ 8 ಗಂಟೆಗೆ ಬಂದ ಮಳೆ ನಿಮ್ಮ ಪುಸ್ತಕದಲ್ಲಿ ಮಾರನೆ ದಿನಕ್ಕೆ ಹೋಗುತ್ತದೆ. ಮೂರನೆಯದು ಮರ. ಅಜ್ಜ ಮಾಪಕ ಇಟ್ಟಾಗ ಬಯಲಾಗಿದ್ದ ಜಾಗದ ಪಕ್ಕ ಈಗ ಸಿಲ್ವರ್ ಓಕ್ ಬೆಳೆದು ನಿಂತಿರಬಹುದು, ಒಮ್ಮೆ ಹೋಗಿ ನೋಡಿ. ಪಂಚಾಯಿತಿಯದು ತಾನೇ ಅಳೆದು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುವ ಯಂತ್ರ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಏತದ ಹಾಗೆ ಆಡುವ ಎರಡು ಪುಟ್ಟ ಬಟ್ಟಲು ಇರುತ್ತವೆ, ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೇಳುತ್ತದೆ, ಎಷ್ಟು ಸಲ ಮಗುಚಿತೋ ಅಷ್ಟು ಮಳೆ. ಎಲೆಯೋ ಜೇಡರ ಬಲೆಯೋ ಸಿಕ್ಕಿಕೊಂಡರೆ ಅದೂ ತಪ್ಪುತ್ತದೆ.

ಇಂಚು ಅಂದರೆ 25.4 ಮಿ.ಮೀ., ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. 1 ಇಂಚು 40 ಸೆಂಟ್ಸ್ ಅಂದರೆ ಸುಮಾರು 35.6 ಮಿ.ಮೀ. ಆದರೆ ಪುಸ್ತಕದಲ್ಲಿ ತಿದ್ದಲು ಹೋಗಬೇಡಿ, ಅಜ್ಜ ಬರೆದದ್ದು ಹಾಗೇ ಇರಲಿ. ಮೊದಲು ಮೊಬೈಲಿನಲ್ಲಿ ಪುಟ ಪುಟ ಫೋಟೋ ತೆಗೆದಿಡಿ, ಈ ಮಳೆಗಾಲಕ್ಕೆ ಮುಂಚೆಯೇ. ಮಾಪಕ ಎಲ್ಲಿತ್ತು, ಯಾವ ವರ್ಷ ಜಾಗ ಬದಲಾಯಿತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಮಳೆ ಬಾರದ ದಿನ ಅಜ್ಜ ಸೊನ್ನೆ ಬರೆದಿದ್ದಾರಾ, ಖಾಲಿ ಬಿಟ್ಟಿದ್ದಾರಾ ಅಂತಲೂ ನೋಡಿ. ಖಾಲಿ ಇದ್ದರೆ ಅವತ್ತು ಮಳೆ ಬರಲಿಲ್ಲವೋ, ಯಾರೂ ಅಳೆಯಲಿಲ್ಲವೋ ಗೊತ್ತಾಗುವುದಿಲ್ಲ. ನೀವು ಮುಂದುವರಿಸುವಾಗ ಸೊನ್ನೆಯನ್ನು ತಪ್ಪದೆ ಬರೆಯಿರಿ.