ರೆಸಿಸ್ಟೆನ್ಸ್ ಸೊನ್ನೆ ಆಗೋಕೆ ಮುಂಚಿನ ಕಥೆನೇ ದೊಡ್ಡ ತಲೆನೋವು

ಪ್ರಶ್ನೆ: ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳ ಬಗ್ಗೆ ಓದಿದಾಗೆಲ್ಲ "ಇದರ ನಾರ್ಮಲ್ ಸ್ಟೇಟೇ ಇನ್ನೂ ಅರ್ಥ ಆಗಿಲ್ಲ" ಅಂತಾರೆ. ತುಂಬಾ ತಣ್ಣಗೆ ಮಾಡಿದಾಗ ಕರೆಂಟ್‌ಗಿರೋ ಅಡ್ಡಿ, ಅಂದ್ರೆ ರೆಸಿಸ್ಟೆನ್ಸ್, ಸೊನ್ನೆ ಆಗೋದು ತಾನೇ ವಿಚಿತ್ರ, ಅದಕ್ಕಿಂತ ಬಿಸಿ ಇದ್ದಾಗ ಅದು ಮಾಮೂಲಿ ಲೋಹ ಅಲ್ವಾ ಸರ್?

ಉತ್ತರ: ಅಲ್ಲ, ಗೋಳಿರೋದೇ ಅಲ್ಲಿ. ಸೂಪರ್‌ಕಂಡಕ್ಟಿವಿಟಿ ವಿವರಿಸಿದ 1957ರ ಬಿಸಿಎಸ್ ಥಿಯರಿ ಅಲ್ಯೂಮಿನಿಯಂ, ತವರದಂಥವಕ್ಕೆ ಸರಿಯಾಗಿ ಕೂತಿದ್ದು ಯಾಕಂದ್ರೆ ಆ ಲೋಹಗಳಲ್ಲಿ ಎಲೆಕ್ಟ್ರಾನ್ ಹೇಗೆ ಓಡಾಡ್ತವೆ ಅಂತ ಮೊದಲೇ ಗೊತ್ತಿತ್ತು, ಲ್ಯಾಟಿಸ್ (ಪರಮಾಣುಗಳ ಚೌಕಟ್ಟು) ಅದುರೋದ್ರಿಂದ ಅವು ಜೋಡಿ ಆಗ್ತವೆ ಅಂತ ತೋರಿಸೋದಷ್ಟೇ ಬಾಕಿ ಇತ್ತು. 1986ರಲ್ಲಿ ಬೆಡ್‌ನಾರ್ಜ್, ಮ್ಯೂಲರ್ ಕಂಡುಹಿಡಿದ ಈ ಜಾತಿಗೆ ಆ ಬುನಾದಿನೇ ಇಲ್ಲ.

ಲ್ಯಾಂಥನಮ್ ತಾಮ್ರದ ಆಕ್ಸೈಡ್ ತಗೊಳ್ಳಿ. ಬ್ಯಾಂಡ್ ಲೆಕ್ಕದ (ಎಲೆಕ್ಟ್ರಾನ್‌ಗಳ ತಳ್ಳಾಟನ ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳದ ಮಾಮೂಲಿ ಲೆಕ್ಕ) ಪ್ರಕಾರ ಅದು ಲೋಹ ಆಗ್ಬೇಕು, ಆದ್ರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ಎಷ್ಟು ಜೋರಾಗಿ ದೂರ ತಳ್ತವೆ ಅಂದ್ರೆ ಒಂದೊಂದು ತಾಮ್ರದ ಹತ್ರ ಒಂದೊಂದು ಸಿಕ್ಕಾಕೊಂಡು ಇನ್ಸುಲೇಟರ್ ಆಗಿಬಿಡುತ್ತೆ, ಅದೂ ಪಕ್ಕಪಕ್ಕದ ಸ್ಪಿನ್ (ಎಲೆಕ್ಟ್ರಾನಿನ ಪುಟ್ಟ ಅಯಸ್ಕಾಂತದ ದಿಕ್ಕು ಅನ್ಕೊಳ್ಳಿ) ಉಲ್ಟಾ ಇರೋ ಆಂಟಿಫೆರೋಮ್ಯಾಗ್ನೆಟ್. ಲ್ಯಾಂಥನಮ್ ಜಾಗಕ್ಕೆ ಸ್ವಲ್ಪ ಸ್ಟ್ರಾನ್ಷಿಯಂ ಹಾಕಿದ್ರೆ ಎಲೆಕ್ಟ್ರಾನ್ ಕಮ್ಮಿಯಾಗಿ ಓಡಾಟ ಶುರು. ತಾಮ್ರ ಒಂದಕ್ಕೆ ಸುಮಾರು 0.05 ಹೋಲ್ (ಎಲೆಕ್ಟ್ರಾನ್ ಬಿಟ್ಟೋದ ಖಾಲಿ ಜಾಗ) ಆದಾಗ ಸೂಪರ್‌ಕಂಡಕ್ಟಿವಿಟಿ ಕಾಣುತ್ತೆ, ಅದು ಶುರುವಾಗೋ ಟೆಂಪರೇಚರ್ 0.16 ಹತ್ರ ತುತ್ತತುದಿ ಮುಟ್ಟಿ, ಆಮೇಲೆ ಇಳಿಯುತ್ತೆ.

ಆ ತುದಿಯ ಟೆಂಪರೇಚರ್‌ಗಿಂತ ಮೇಲೇನೇ ಸ್ಟ್ರೇಂಜ್ ಮೆಟಲ್ ಅನ್ನೋ ವಿಚಿತ್ರ ಲೋಹದ ಸ್ಥಿತಿ ಇರೋದು. ರೆಸಿಸ್ಟೆನ್ಸ್ ಟೆಂಪರೇಚರ್ ಜೊತೆ ನೆಟ್ಟಗೆ ಗೆರೆ ಎಳೆದಂಗೆ ಏರುತ್ತೆ. ತಾಮ್ರದ ತಂತೀಲೂ ಹಂಗೇ ಅಲ್ವಾ ಅಂತ ಕೇಳ್ಬಹುದು, ನಿಜ, ಆದ್ರೆ ಅಲ್ಲಿ ತಣ್ಣಗಾಗ್ತಾ ಗೆರೆ ಬಗ್ಗುತ್ತೆ, ಇಲ್ಲಿ ಬಗ್ಗೋದೇ ಇಲ್ಲ. ಮೇಲೆ ಹೋದ್ರೆ ಇನ್ನೂ ಮಜಾ: 1000 ಕೆಲ್ವಿನ್ ಸುತ್ತಮುತ್ತ ಹೋದ್ರೂ ಏರ್ತಾನೇ ಇರುತ್ತೆ, ಅಷ್ಟು ರೆಸಿಸ್ಟೆನ್ಸ್ ಬರ್ಬೇಕಂದ್ರೆ ಎಲೆಕ್ಟ್ರಾನ್ ಒಂದು ಪರಮಾಣುವಿಂದ ಪಕ್ಕದ್ದಕ್ಕೆ ಹೋಗೋಕೆ ಮುಂಚೆನೇ ಡಿಕ್ಕಿ ಹೊಡೀಬೇಕು! ಅಂದ್ರೆ ಎಲೆಕ್ಟ್ರಾನ್ ಅನ್ನೋ ಕಣ ಹಾರ್ತಾ ಹೋಗಿ ಗುದ್ದುತ್ತೆ ಅನ್ನೋ ಚಿತ್ರನೇ ಬಿದ್ದೋಯ್ತು.

ಡೋಪಿಂಗ್ (ಹೀಗೆ ಸ್ಟ್ರಾನ್ಷಿಯಂ ಬೆರೆಸೋದು) ಕಮ್ಮಿ ಇರೋ ಕಡೆ ಇನ್ನೊಂದು ಕಾಟ, ಸೂಡೋಗ್ಯಾಪ್. ಸೂಪರ್‌ಕಂಡಕ್ಟರ್ ಆಗೋ ಟೆಂಪರೇಚರ್‌ಗಿಂತ ತುಂಬಾ ಮೇಲೇನೇ ಒಂದಷ್ಟು ಎನರ್ಜಿ ಮಟ್ಟ ಮಾಯ ಆಗುತ್ತೆ, ಫರ್ಮಿ ಸರ್ಫೇಸ್ (ಎಲೆಕ್ಟ್ರಾನ್ ತುಂಬಿದ ಸ್ಥಿತಿಗಳಿಗೂ ಖಾಲಿ ಸ್ಥಿತಿಗಳಿಗೂ ನಡುವಿನ ಗಡಿ) ಪೂರ್ತಿ ಸುತ್ತು ಬರದೆ ತುಂಡು ಕಮಾನಿನ ಥರ ಕಾಣುತ್ತೆ. ಅದು ಮೊದಲೇ ಆದ ಜೋಡಿಗಳಾ, ಬೇರೆ ಯಾವುದೋ ಆರ್ಡರ್ರಾ ಅಂತ ಜಗಳ ನಡೀತಾನೇ ಇದೆ.

ವಿಪರ್ಯಾಸ ಅಂದ್ರೆ ಸೂಪರ್‌ಕಂಡಕ್ಟಿಂಗ್ ಸ್ಥಿತಿನೇ ಹೆಚ್ಚು ಅರ್ಥ ಆಗಿದೆ: ಎಲೆಕ್ಟ್ರಾನ್ ಜೋಡಿಗಳೇ, ಜೋಡಿಯ ಆಕಾರ ಡಿ-ವೇವ್ (ನಾಲ್ಕು ಎಸಳಿನ ಹೂವಿನ ಥರ, ಎಸಳಿಂದ ಎಸಳಿಗೆ ಚಿಹ್ನೆ ಉಲ್ಟಾ), ಅದನ್ನ 1994ರಲ್ಲಿ ತ್ಸುಯೆ, ಕರ್ಟ್ಲಿ ಒಂದು ಸಣ್ಣ ಉಂಗುರದಲ್ಲಿ ಅರ್ಧ ಫ್ಲಕ್ಸ್ ಕ್ವಾಂಟಂ (ಉಂಗುರದಲ್ಲಿ ಹಿಡಿಯೋ ಮ್ಯಾಗ್ನೆಟಿಕ್ ಫ್ಲಕ್ಸ್‌ನ ಮಾಮೂಲಿ ಕಂತಿನ ಅರ್ಧ) ಹಿಡಿದು ತೋರಿಸಿದ್ರು. ಜೋಡಿ ಕಟ್ಟೋ ಅಂಟು ಯಾವುದು ಅಂದ್ರೆ ನನ್ನ ಮತ ಸ್ಪಿನ್ ಕಡೆಗೆ. ಆದ್ರೆ ಜೋರು ಮ್ಯಾಗ್ನೆಟಿಕ್ ಫೀಲ್ಡ್ ಹಾಕಿ ಸೂಪರ್‌ಕಂಡಕ್ಟಿವಿಟಿನ ಅಳಿಸಿ ನೋಡಿದ್ರೆ, ಅದೇ ನೆಟ್ಟಗಿನ ಗೆರೆ ಕೆಳಗಿನ ತನಕ ಇಳಿಯುತ್ತೆ, ಅದನ್ನ ವಿವರಿಸೋವರೆಗೂ ಯಾವ ಥಿಯರಿನೂ ನಾನು ಪೂರ್ತಿ ಒಪ್ಪಲ್ಲ.