ಫ್ಲಾಂಜ್ ಸೋರಿದರೆ ಪ್ಯಾಕಿಂಗನ್ನೇ ಬೈಯಬೇಡಿ

ಪ್ರಶ್ನೆ: ಹೊಳೆಯಿಂದ ಅಡಿಕೆ ತೋಟಕ್ಕೆ 4 ಇಂಚಿನ ಕಬ್ಬಿಣದ ಪೈಪಿನಲ್ಲಿ ನೀರು ಎತ್ತುತ್ತೇವೆ. ಪಂಪಿನ ಡೆಲಿವರಿ ಫ್ಲಾಂಜ್ (ನೀರು ಹೊರಹೋಗುವ ಕಡೆ ಪೈಪನ್ನು ಬೋಲ್ಟ್ ಹಾಕಿ ಜೋಡಿಸುವ ಬಿಲ್ಲೆ) ಸದಾ ಸೋರುತ್ತದೆ. ಕೆಳಗಿನ ನಟ್ ಬಿಗಿ ಮಾಡಿದರೆ ಮೇಲೆ ಚಿಮ್ಮುತ್ತದೆ. ಎರಡು ರಬ್ಬರ್ ಪ್ಯಾಕಿಂಗ್ ಹಾಕಿ, ಶೆಲ್ಲಾಕ್ (ಸಂದು ಮುಚ್ಚುವ ಅಂಟು) ಹಚ್ಚಿಯೂ ನೋಡಿದೆವು. ಇನ್ನೂ ದಪ್ಪದ್ದು ಹಾಕಬೇಕಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಬೇಡ. ಕೆಳಗೆ ಬಿಗಿ ಮಾಡಿದರೆ ಮೇಲೆ ಸೋರುತ್ತದೆ ಎಂದು ನೀವೇ ಬರೆದಿದ್ದೀರಲ್ಲ, ಕಾರಣ ಅದರಲ್ಲೇ ಇದೆ. ಎರಡು ಫ್ಲಾಂಜುಗಳು ಸಮನಾಗಿ ಕೂತಿಲ್ಲ. ಪಂಪ್ ನಿಲ್ಲಿಸಿ, ಲೈನಿನ ನೀರು ಇಳಿಸಿ, ಪೈಪಿಗೆ ಒಂದು ಆಸರೆ ಕೊಟ್ಟು ಎಲ್ಲ ಬೋಲ್ಟ್ ಬಿಚ್ಚಿ ನೋಡಿ. ಪೈಪ್ ಪಕ್ಕಕ್ಕೋ ಕೆಳಕ್ಕೋ ಸರಿಯಿತಾ? ಹಾಗಾದರೆ ಇಷ್ಟು ದಿನ ಬೋಲ್ಟುಗಳು ಪೈಪನ್ನು ಎಳೆದು ಹಿಡಿಯುವುದರಲ್ಲೇ ಸುಸ್ತಾಗಿವೆ, ಪ್ಯಾಕಿಂಗ್ ಒತ್ತಲು ಬಲ ಉಳಿದಿಲ್ಲ. ಮೊದಲು ಪೈಪಿನ ಭಾರ ಹೊರಲು ಗಟ್ಟಿ ಸಪೋರ್ಟ್ ಕೊಡಿ. ಬೋಲ್ಟುಗಳು ಕೈಯಲ್ಲೇ ಸಲೀಸಾಗಿ ತೂರಬೇಕು, ಸುತ್ತಿಗೆ ಬೇಕಾದರೆ ಲೈನ್ ಸರಿಯಿಲ್ಲ ಅಂತಲೇ ಅರ್ಥ.

ಎರಡು ಪ್ಯಾಕಿಂಗ್ ಹಾಕುವ ಅಭ್ಯಾಸ ಬಿಡಿ. ಒಂದರ ಮೇಲೊಂದು ಜಾರುತ್ತವೆ, ಸೋರಲು ಇನ್ನೊಂದು ಸಂದು ನೀವೇ ಮಾಡಿಕೊಟ್ಟ ಹಾಗೆ. ಪ್ಯಾಕಿಂಗಿಗೆ ಗ್ರೀಸ್ ಸವರಿದರೂ ಅದೇ ಕಥೆ, ಒತ್ತಡ ಬಂದಾಗ ಹೊರಗೆ ಜಾರುತ್ತದೆ. ಎಣ್ಣೆ ಬೇಕಾಗಿರುವುದು ಬೋಲ್ಟಿನ ಥ್ರೆಡ್ಡಿಗೆ ಮತ್ತು ನಟ್ ಕೂರುವ ಜಾಗಕ್ಕೆ. ಜನ ಮಾಡುವುದು ಸರಿಯಾಗಿ ಉಲ್ಟಾ! ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಪಾನಾ ಬಿಗಿಯಾಗಿಯೇ ಸಿಗುತ್ತದೆ, ಆದರೆ ಆ ಬಲವೆಲ್ಲ ಉಜ್ಜಾಟಕ್ಕೇ ಹೋಗಿರುತ್ತದೆ.

ಹಳೆ ಶೆಲ್ಲಾಕನ್ನು ಪೂರ್ತಿ ಕೆರೆದು ತೆಗೆದು, 3 ಮಿ.ಮೀ. ದಪ್ಪದ ಹೊಸ ರಬ್ಬರ್ ಶೀಟ್ ಒಂದೇ ಒಂದು ಹಾಕಿ. ನಿಮ್ಮ ಫ್ಲಾಂಜಿಗೆ 8 ಬೋಲ್ಟ್ ಇದ್ದರೆ ಸುತ್ತಲೂ 1ರಿಂದ 8ರವರೆಗೆ ಚಾಕಿನಲ್ಲಿ ನಂಬರ್ ಹಾಕಿ, 1-5-3-7-2-6-4-8 ಈ ಕ್ರಮದಲ್ಲಿ ಬಿಗಿ ಮಾಡಿ. ಒಂದೇ ಸಲಕ್ಕೆ ಪೂರ್ತಿ ಬೇಡ. ಮೊದಲ ಸುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ, ಎರಡನೆಯದರಲ್ಲಿ ಮೂರನೇ ಎರಡು ಭಾಗ, ಮೂರನೆಯದರಲ್ಲಿ ಪೂರ್ತಿ, ಕೊನೆಗೆ ಸಾಲಾಗಿ ಒಂದು ಸುತ್ತು. ಪ್ರತಿ ಸುತ್ತು ಮುಗಿದ ಮೇಲೆ ನಾಲ್ಕೂ ಕಡೆ ಸಂದನ್ನು ಅಳೆಯಿರಿ, ಒಂದೇ ಇರಬೇಕು. ಪಾನಾಕ್ಕೆ ಉದ್ದದ ಪೈಪ್ ತೂರಿಸಿ ಜಗ್ಗಬೇಡಿ, ರಬ್ಬರ್ ಹಿಂಡಿ ಹೊರಗೆ ಬರುತ್ತದೆ.

ಇನ್ನೊಂದು ಮಾತು. ಪಂಪಿನ ಫ್ಲಾಂಜ್ ಬೀಡಿನದ್ದು (ಎರಕದ ಕಬ್ಬಿಣದ್ದು), ಪೂರ್ತಿ ಚಪ್ಪಟೆ ಅಂತಿದ್ದರೆ ಎದುರಿನದೂ ಚಪ್ಪಟೆಯೇ ಇರಲಿ, ಪ್ಯಾಕಿಂಗ್ ಬೋಲ್ಟ್ ತೂತುಗಳ ಆಚೆವರೆಗೂ ಬರಲಿ. ನಡುವೆ ಮಾತ್ರ ಒತ್ತಿದರೆ ಅಂಚು ಬಾಗಿ ಬೀಡು ಸೀಳುತ್ತದೆ, ಆಮೇಲೆ ಪಂಪಿನ ಕೇಸಿಂಗೇ ಬದಲಿಸಬೇಕಾದೀತು.

ಪ್ರಶ್ನೆ: ಅಘನಾಶಿನಿ ಹಿನ್ನೀರಿನಿಂದ ಸಿಗಡಿ ಕೆರೆಗೆ ನೀರು ಹಾಕುವ ಲೈನಿದು. ಬೋಲ್ಟ್ ತುಕ್ಕು ಹಿಡಿಯುತ್ತದೆಂದು ಸ್ಟೀಲಿನದ್ದು ಹಾಕಿದೆವು, ಈಗ ನಟ್ ಅರ್ಧಕ್ಕೇ ಸಿಕ್ಕಿಕೊಂಡಿದೆ. ಸಡಿಲವೂ ಆಗದು, ಬಿಗಿಯೂ ಆಗದು.
– ಕುಮಟಾ

ಉತ್ತರ: ಸ್ಟೇನ್‌ಲೆಸ್ ನಟ್ಟು, ಬೋಲ್ಟು ಎರಡೂ ಒಂದೇ ಜಾತಿಯವಾದರೆ ಉಜ್ಜಿಕೊಂಡು ಒಂದಕ್ಕೊಂದು ಬೆಸುಗೆಯಾಗಿಬಿಡುತ್ತವೆ. ಮಷಿನ್ನಿನಲ್ಲಿ ಗರಗರ ತಿರುಗಿಸಿದರಂತೂ ಬೇಗ. ಸಿಕ್ಕಿಕೊಂಡದ್ದನ್ನು ಬಿಚ್ಚಲು ಒದ್ದಾಡಬೇಡಿ, ಕತ್ತರಿಸಿ ತೆಗೆಯಿರಿ. ಹೊಸದಕ್ಕೆ ಆಂಟಿ-ಸೀಜ್ ಪೇಸ್ಟ್ (ಥ್ರೆಡ್ ಸಿಕ್ಕಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಿ, ಕೈಯಲ್ಲಿ ನಿಧಾನ ತಿರುಗಿಸಿ. ಉಪ್ಪುನೀರಿಗೆ 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿಗಿಂತ 316 ಗ್ರೇಡ್ ಒಳ್ಳೆಯದು. ದುಬಾರಿ ಹೌದು, ಏನು ಮಾಡುವುದು, ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ ಅಲ್ವಾ?

ಪ್ರಶ್ನೆ: ಬೋಟಿನ ಡೀಸೆಲ್ ಲೈನಿನ ಫ್ಲಾಂಜಿಗೆ ಲಾರಿ ಟ್ಯೂಬ್ ಕತ್ತರಿಸಿ ಹಾಕಿದ್ದೆ. ಕೆಲವೇ ದಿನಕ್ಕೆ ಉಬ್ಬಿ ಮೆತ್ತಗಾಗಿದೆ.
– ಕಾರವಾರ

ಉತ್ತರ: ಟ್ಯೂಬಿನ ರಬ್ಬರ್ ಡೀಸೆಲ್ ಹೀರಿ ಉಬ್ಬುತ್ತದೆ. ನೀರಿಗಾದರೆ ನಡೆದೀತು, ಇಲ್ಲಿ ಖಂಡಿತ ಬೇಡ. ಅಂಗಡಿಯಲ್ಲಿ ಸುಮ್ನೆ ರಬ್ಬರ್ ಶೀಟ್ ಅನ್ನಬೇಡಿ, ನೈಟ್ರೈಲ್ ರಬ್ಬರ್ ಎಂದು ಹೆಸರು ಹೇಳಿ ಕೇಳಿ. ಬಿಸಿ ಇಂಜಿನ್ ಮೇಲೆ ಡೀಸೆಲ್ ಬಿದ್ದರೆ ಬೆಂಕಿಯೇ, ಆದ್ದರಿಂದ ಹೊಸದು ಹಾಕುವ ತನಕ ಬೋಟ್ ಹೊರಡಿಸಬೇಡಿ.