ಕೌಂಟಿಯಲ್ಲಿ ಕಾಸಾ ಕಾರ್ಯಕ್ರಮ ಶುರು ಮಾಡೋದು ಹೇಗೆ?

ಅಮೆರಿಕದ ನಿಮ್ಮ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಹಿಂಸೆ, ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳ ಪರ ಕೋರ್ಟಿನಲ್ಲಿ ಮಾತಾಡುವ ಸ್ವಯಂಸೇವಕರ ತಂಡ, ಅಂದರೆ ಕಾಸಾ, ಇಲ್ಲ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಮೊದಲು ಮಕ್ಕಳ ಪ್ರಕರಣ ನೋಡುವ ನ್ಯಾಯಾಧೀಶರನ್ನು ಭೇಟಿ ಮಾಡಿ. ಕೋರ್ಟು ನೇಮಿಸಿದರೆ ತಾನೇ ಸ್ವಯಂಸೇವಕರ ವರದಿಗೆ ಬೆಲೆ? ಈ ಯೋಚನೆ ಹುಟ್ಟಿದ್ದೂ ಒಬ್ಬ ನ್ಯಾಯಾಧೀಶರಿಗೇ. 1977ರಲ್ಲಿ ಸಿಯಾಟಲ್‌ನ ಡೇವಿಡ್ ಸೂಕಪ್, ಮಗುವಿನ ಬಗ್ಗೆ ಸರಿಯಾಗಿ ತಿಳಿಯದೆ ತೀರ್ಮಾನ ಮಾಡಬೇಕಲ್ಲ ಎಂದು ಸಂಕಟಪಟ್ಟು, ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು ಈ ಕೆಲಸಕ್ಕೆ ಕರೆತಂದರು.

ಆಮೇಲೆ ನಿಮ್ಮ ರಾಜ್ಯದ ಕಾಸಾ ಸಂಘಟನೆಯನ್ನೋ ರಾಷ್ಟ್ರೀಯ ಸಂಘಟನೆಯನ್ನೋ ಸಂಪರ್ಕಿಸಿ. ಪಕ್ಕದ ಕೌಂಟಿಯ ತಂಡವೇ ನಿಮ್ಮಲ್ಲಿಗೂ ಬರಬಹುದಾ ಕೇಳಿ. ಹೊಸ ಸಂಸ್ಥೆ ಕಟ್ಟುವುದಕ್ಕಿಂತ ಅದು ಸುಲಭ ಅನಿಸುತ್ತೆ ನನಗೆ.

ಆಯ್ಕೆಯಲ್ಲಿ ಮಾತ್ರ ಆತುರ ಬೇಡ. ಸಂದರ್ಶನ, ಹಿನ್ನೆಲೆ ತಪಾಸಣೆ, ಸುಮಾರು 30 ಗಂಟೆ ತರಬೇತಿ, ಯಾವುದನ್ನೂ ಬಿಡಬೇಡಿ. ಎಷ್ಟೇ ಒಳ್ಳೆಯವರಾದರೂ ನಡುವೆ ಕೈಬಿಡುವವರು ಬೇಡ. ಆ ಮಗುವನ್ನು ಈಗಾಗಲೇ ಎಷ್ಟೋ ಜನ ಬಿಟ್ಟು ಹೋಗಿರುತ್ತಾರೆ, ಅಲ್ವಾ? ಒಬ್ಬರಿಗೆ ಒಂದೆರಡು ಪ್ರಕರಣಕ್ಕಿಂತ ಜಾಸ್ತಿ ಕೊಡಬೇಡಿ. ಆಗಲೇ ಮಗುವಿನ ಜೊತೆ ನೆಲದ ಮೇಲೆ ಕೂತು ಬಣ್ಣ ಹಚ್ಚುವಷ್ಟು ಪುರುಸೊತ್ತು ಸಿಗೋದು. ಕನ್ನಡಕ ಹಳೇ ಮನೆಯಲ್ಲೇ ಉಳಿದಿದೆ, ಅದಕ್ಕೇ ಬೋರ್ಡ್ ಕಾಣ್ತಿಲ್ಲ ಅನ್ನೋದು ಅಂಥ ಹೊತ್ತಲ್ಲೇ ಮಗುವಿನ ಬಾಯಿಂದ ಬರುತ್ತೆ. ಫೈಲಿನಲ್ಲಿ ಅದು ಇರಲ್ಲ.

ಇವರಿಗೆಲ್ಲ ಬೆನ್ನಾಗಿ ನಿಲ್ಲಲು ಸಂಬಳದ ಒಬ್ಬ ಮೇಲ್ವಿಚಾರಕರು ಬೇಕೇ ಬೇಕು. ಮೊದಲು ಕೂಡಿಸುವ ಹಣ ಅದಕ್ಕಿರಲಿ.